ಖಾನಾವಳಿ ಹೊಳಿಯಮ್ಮನ ಸಣ್ಣ ಹೊಟ್ಟೆ

ಕುಷ್ಟಗಿ, ಜಿಲ್ಲಾ ರಾಯಚೂರು
18-2-1985

ಕಾಸೀಮಬೀ ಸಿಸ್ಟರ್ ಅವರಿಗೆ,

ಕುಷ್ಟಗಿ ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯಿಂದ ಹೊಳಿಯಮ್ಮ ಬರೆಯುವ ಮೊದಲನೆಯ ವರದಿ ಇದು. ಹದಿನೇಳನೆಯ ಮಂಚದವಳು ಎಂದರೆ ಬೇಗ ನೆನಪಾದೀತು. ತಿಂಗಳಿಗೊಂದು ಪತ್ರ ಬರೆಯಬೇಕು, ತೂಕ ಎಷ್ಟು, ಏನು ತಿಂದೆ, ಏನು ದಕ್ಕಲಿಲ್ಲ ಎಲ್ಲ ತಿಳಿಸಬೇಕು ಎಂದು ಡಾಕ್ಟರ್ ಸಾಹೇಬರು ಕಟ್ಟಪ್ಪಣೆ ಮಾಡಿ ಕಳಿಸಿದ್ದಾರೆ. ಅವರಿಗೆ ಕನ್ನಡ ಬಾರದು, ನನಗೆ ಕನ್ನಡ ಬಿಟ್ಟು ಬೇರೆ ಬಾರದು. ನಡುವೆ ನಮ್ಮ ಗಂಗಾವತಿಯ ನೀವು ಸಿಕ್ಕಿದ್ದು ನನ್ನ ಪುಣ್ಯ. ಓದಿ ಹೇಳಿರಿ.

ತಮ್ಮ ಪಂಪಣ್ಣ ಮುಂಬಯಿಯಿಂದ ಸೊಲ್ಲಾಪುರದವರೆಗೆ ರೈಲಿನಲ್ಲಿ ತಂದು ಬಿಟ್ಟ. ಅಲ್ಲಿಂದ ಯಜಮಾನರು ಬಸ್ಸಿನಲ್ಲಿ ಕರೆದುಕೊಂಡು ಬಂದರು. ಹೊಲಿಗೆ ಪೂರ್ತಿ ಒಣಗಿದೆ. ಎದೆಯ ಕೆಳಗಿನಿಂದ ಹೊಕ್ಕುಳದವರೆಗೆ ಒಂದು ಗೆರೆ, ಅಷ್ಟೇ. ಕೆಮ್ಮು ಬಂದರೆ ನೀವು ಹೇಳಿಕೊಟ್ಟಂತೆ ದಿಂಬು ಅವುಚಿಕೊಳ್ಳುತ್ತೇನೆ.

ಆಪರೇಷನ್ ದಿನ 131 ಕಿಲೋ ಇದ್ದವಳು ಈಗ 118. ಇಲ್ಲಿಯ ದವಾಖಾನೆಯ ತೂಕದ ಮಷೀನಿನ ಮುಳ್ಳು ನೂರಕ್ಕೇ ನಿಂತುಬಿಡುತ್ತದೆ. ಹಾಗಾಗಿ ಅಡತಿ ಅಂಗಡಿಯಲ್ಲಿ ಶೇಂಗಾ ಚೀಲ ತೂಗುವ ಕಾಟಾದ ಮೇಲೆ ನಿಂತೆ. ಹಮಾಲರು ಊಟಕ್ಕೆ ಹೋದ ಹೊತ್ತು ನೋಡಿ ಹೋಗಿದ್ದೆ. ಅಡತಿಯವರು ಒಳ್ಳೆಯವರು, ನನ್ನ ಮುಖ ನೋಡದೆ ಕಲ್ಲು ಇಟ್ಟರು.

ಬೆಳಿಗ್ಗೆ ಹೆಸರುಬೇಳೆಯ ಕಟ್ಟು, ಮಧ್ಯಾಹ್ನ ನೀರು ಮಜ್ಜಿಗೆ, ಸಂಜೆ ಹಾಲು. ಒಂದು ಕಪ್ಪು ಮುಗಿಸಲು ಅರ್ಧ ತಾಸು ಬೇಕು. ಹಸಿವು ಆಗುವುದೇ ಇಲ್ಲ, ಆದರೆ ಕೈ ತಾನಾಗಿ ರೊಟ್ಟಿಬುಟ್ಟಿಯ ಕಡೆ ಹೋಗುತ್ತದೆ. ದಿನಕ್ಕೆ ಎಂಬತ್ತು ಮಂದಿ ಉಣ್ಣುವ ಮನೆ ನಮ್ಮದು. ಹದಿನೈದು ವರ್ಷ ನಾನು ಬಡಿಸುತ್ತ ತಿಂದವಳು, ತಿನ್ನುತ್ತ ಬಡಿಸಿದವಳು. ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಸಾಹೇಬರಿಗೆ ಇದೊಂದು ತಪ್ಪದೆ ಹೇಳಿರಿ. ಕುಂತಲ್ಲೇ ಉಸಿರು ಕಟ್ಟಿದಂತಾಗಿ ನಿದ್ದೆಗೆ ಜಾರುತ್ತಿದ್ದೆನಲ್ಲ, ಹೀಗೇ ಇದ್ದರೆ ನಲವತ್ತು ದಾಟುವುದಿಲ್ಲ ಎಂದು ಅವರು ಅಂದಿದ್ದರಲ್ಲ, ಆ ನಿದ್ದೆ ಈಗ ಬರುವುದಿಲ್ಲ. ಮೂವತ್ತೆಂಟು ಮುಗಿಯಲು ಇನ್ನೂ ಎರಡು ತಿಂಗಳಿದೆ.

ಆಪರೇಷನ್ ಸಂಗತಿ ಊರಲ್ಲಿ ಯಾರಿಗೂ ಹೇಳಿಲ್ಲ. ಮೊಣಕಾಲಿನ ಔಷಧಕ್ಕೆ ತಮ್ಮನ ಮನೆಗೆ ಹೋಗಿದ್ದೆ ಅಂದಿದ್ದೇನೆ. ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡಳು ಎಂದು ಜನರು ನಗಬಾರದಲ್ಲ. ತಿಳಿದವರು ಇಬ್ಬರೇ, ಯಜಮಾನರು ಮತ್ತು ನಮ್ಮಲ್ಲಿ ರೊಟ್ಟಿ ಬಡಿಯುವ ಮಾರೆವ್ವ.

ನಿಮ್ಮ
ಹೊಳಿಯಮ್ಮ ದ್ಯಾವಪ್ಪ


ಮುಂಬಯಿ
2-3-1985

ಹೊಳಿಯಮ್ಮನವರಿಗೆ,

ನಿಮ್ಮ ವರದಿ ಓದಿ ಹೇಳಿದೆ. ಶೇಂಗಾ ಕಾಟಾದ ಮಾತು ಬಂದಾಗ ಡಾಕ್ಟರ್ ಸಾಹೇಬರು ಕುರ್ಚಿ ಹಿಂದಕ್ಕೆ ಹಾಕಿ ನಕ್ಕರು. ಮತ್ತೊಮ್ಮೆ ಓದಿಸಿದರು. ರಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ತಾವೇ ಬರೆದುಕೊಂಡರು. ಈ ಆಪರೇಷನ್ ಮಾಡಿಸಿಕೊಂಡ ಆರನೆಯವರು ನೀವು. ಮನೆಗೆ ಹೋದ ಮೇಲೆ ಪತ್ರ ಬರೆದವರಲ್ಲಿ ಮೊದಲನೆಯವರು.

ಅವರು ಹೇಳಿದ್ದು ಇಷ್ಟು. ನಿಮ್ಮ ಹೊಟ್ಟೆಯಲ್ಲಿ ಈಗ ಮೇಲೊಂದು ಸಣ್ಣ ಕೋಣೆ ಇದೆ, ಕೆಳಗೆ ಹಳೆಯ ದೊಡ್ಡ ಕೋಣೆ ಇದೆ, ನಡುವೆ ಗೋಡೆ, ಗೋಡೆಯಲ್ಲಿ ಬೆರಳಷ್ಟು ಬಾಗಿಲು. ತಿಂದದ್ದು ಆ ಬಾಗಿಲಲ್ಲಿ ನುಸುಳಬೇಕು. ಇನ್ನೊಂದು ತಿಂಗಳು ತೆಳ್ಳಗಿನದು, ಆಮೇಲೆ ಕಿವುಚಿದ ಅನ್ನ, ಬೇಳೆ, ಮೊಟ್ಟೆ. ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಊಟದ ನಡುವೆ ನೀರು ಕುಡಿಯಬಾರದು. ಸಾಕು ಅನ್ನಿಸಿದ ಮೇಲೆ ಒಂದು ತುತ್ತೂ ಬೇಡ. ವಿಟಮಿನ್ ಗುಳಿಗೆ ತಪ್ಪಿಸಬೇಡಿ. ದಿನಾ ನಡೆಯಿರಿ.

ಬಹಳ ವರ್ಷದ ಮೇಲೆ ಕನ್ನಡ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ.

ಕಾಸೀಮಬೀ
ಸ್ಟಾಫ್ ನರ್ಸ್


ಕುಷ್ಟಗಿ
14-4-1985

ಕಾಸೀಮಬೀ ಸಿಸ್ಟರ್ ಅವರಿಗೆ,

ತೂಕ 107. ಕಿವುಚಿದ ಅನ್ನ ದಕ್ಕಿತು, ಬೇಳೆ ದಕ್ಕಿತು, ಮೊಟ್ಟೆ ಅರ್ಧ ದಕ್ಕಿತು, ಇನ್ನರ್ಧ ಹೊರಗೆ ಬಂತು. ಅವಸರ ಮಾಡಿದ್ದೆ, ತಪ್ಪು ನನ್ನದೇ.

ಈ ಸಲ ವರದಿಗಿಂತ ದೊಡ್ಡ ಸುದ್ದಿ ಇದೆ. ನಾಲ್ಕು ವರ್ಷದಿಂದ ನಾನು ನೆಲಕ್ಕೆ ಕೂತಿರಲಿಲ್ಲ. ಕೂತರೆ ಇಬ್ಬರು ಎತ್ತಬೇಕಿತ್ತು. ಸ್ಟೂಲಿನ ಮೇಲಿದ್ದು ಎಲ್ಲರಿಗೂ ಹುಕುಂ ಮಾಡುತ್ತಿದ್ದೆ, ಕೈಯಿಂದ ಒಂದು ರೊಟ್ಟಿ ಬಡಿದಿರಲಿಲ್ಲ. ಮೊನ್ನೆ ಮಾರೆವ್ವ ಜ್ವರ ಬಂದು ಮಲಗಿದಳು. ಹನ್ನೊಂದು ಗಂಟೆಯಾದರೂ ಒಲೆ ಹೊತ್ತಿಲ್ಲ. ಗೋಡೆ ಹಿಡಿದೆ, ಮೆಲ್ಲಗೆ ಇಳಿದೆ, ಕಾಲು ಮಡಚಿದೆ. ಮಡಚಿದವು! ಹಿಟ್ಟು ನಾದಿ ಮೊದಲ ರೊಟ್ಟಿ ಬಡಿದಾಗ ಅದು ಯಾವ ಆಕಾರಕ್ಕೂ ಸೇರದೆ ಹೋಯಿತು. ಹತ್ತನೆಯದು ಚಂದ್ರನ ಹಾಗೆ ಬಂತು. ಅರವತ್ತು ಬಡಿದೆ. ಯಜಮಾನರು ತರಕಾರಿ ಚೀಲ ಹೊತ್ತುಕೊಂಡು ಬಂದವರು ಬಾಗಿಲಲ್ಲೇ ನಿಂತರು.

"ಯಾರು ಕುಂದ್ರಿಸಿದರು ನಿನ್ನ?" ಅಂದರು.

"ನಾನ ಕುಂತೀನಿ."

"ಏಳಾಕ ಬರತೈತೇನ?"

ಎದ್ದು ತೋರಿಸಿದೆ. ಚೀಲ ಇಳಿಸುವುದನ್ನು ಮರೆತು ಹಾಗೇ ನಿಂತಿದ್ದರು.

ಬಿಸಿಲು ಜೋರಾಗಿರುವುದರಿಂದ ಗಿರಾಕಿ ಸ್ವಲ್ಪ ಕಮ್ಮಿ. ಬೇರೆ ಏನಿಲ್ಲ. ರೊಟ್ಟಿಯನ್ನು ನಾನು ಯಾವಾಗಿನಿಂದ ತಿನ್ನಬಹುದು, ಸಾಹೇಬರನ್ನು ಕೇಳಿ ಬರೆಯಿರಿ.

ಹೊಳಿಯಮ್ಮ


ಮುಂಬಯಿ
5-5-1985

ಹೊಳಿಯಮ್ಮಕ್ಕನವರಿಗೆ,

ನೀವು ನೆಲಕ್ಕೆ ಕೂತ ಸುದ್ದಿಯನ್ನು ವಾರ್ಡಿನಲ್ಲಿ ನಾಲ್ಕು ಮಂದಿಗೆ ಹೇಳಿದೆ. ಒಬ್ಬ ಮರಾಠಿ ಅಜ್ಜಿ ಚಪ್ಪಾಳೆ ಹೊಡೆದರು.

ಸಾಹೇಬರು ಈಗ ಬಹಳ ಕೆಲಸದಲ್ಲಿದ್ದಾರೆ. ರೊಟ್ಟಿಯನ್ನು ಜುಲೈಯಿಂದ ಶುರು ಮಾಡಬಹುದು. ಕಾಲು ರೊಟ್ಟಿ ಮಾತ್ರ, ಬೇಳೆಯಲ್ಲಿ ನೆನೆಸಿ, ಮೆತ್ತಗಾದ ಮೇಲೆ. ಇನ್ನು ಮುಂದೆ ಕೂದಲು ಉದುರಿದರೆ ಹೆದರಬೇಡಿ. ಆರೇಳು ತಿಂಗಳಲ್ಲಿ ತಿರುಗಿ ಬರುತ್ತದೆ. ಬೇಳೆ, ಮೊಟ್ಟೆ, ಹಾಲು ಬಿಡಬೇಡಿ.

ಪತ್ರ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ಕಾಸೀಮಬೀ


ಕುಷ್ಟಗಿ
20-6-1985

ಸಿಸ್ಟರ್ ಅವರಿಗೆ,

ತೂಕ ನೂರು. ಮೂರು ವಾರದಿಂದ ನೂರಕ್ಕೇ ನಿಂತಿದೆ, ಗುಂಜಿಯಷ್ಟೂ ಇಳಿಯುತ್ತಿಲ್ಲ. ತಿನ್ನುವುದು ನೀವು ಬರೆದಷ್ಟೇ. ಕೂದಲು ಬಾಚಣಿಕೆಗೆ ಮುದ್ದೆಮುದ್ದೆಯಾಗಿ ಬರುತ್ತಿದೆ. ಸೆರಗು ಹೊದ್ದುಕೊಂಡೇ ಬಡಿಸುತ್ತೇನೆ. ಕೆನ್ನೆ ಇಳಿದು ಮುಖ ಒಣಗಿದಂತೆ ಕಾಣುತ್ತದೆ. ಗಿರಾಕಿಗಳು ನನ್ನ ಮುಖವನ್ನೇ ನೋಡುತ್ತಾರೆ.

ಹೊಳಿಯಮ್ಮ


ಮುಂಬಯಿ
1-7-1985

ಅಕ್ಕನವರಿಗೆ,

ನಿಷ್ಠುರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬರೆದಷ್ಟೇ ತಿಂದರೆ ತೂಕ ಈಗಲೇ ನಿಲ್ಲುವುದಿಲ್ಲ. ಚಹಾಕ್ಕೆ ಸಕ್ಕರೆ, ಬೆಲ್ಲದ ಚೂರು, ಶೇಂಗಾ ಹಿಂಡಿ ಏನಾದರೂ ಬಾಯಿಗೆ ಹೋಗುತ್ತಿದೆಯೇ? ಸಾಹೇಬರಿಗೆ ನಿಜ ಬೇಕು.

ಕಾಸೀಮಬೀ


ಕುಷ್ಟಗಿ
15-7-1985

ಸಿಸ್ಟರ್ ಅವರಿಗೆ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟೇ ಬಂತು. ಕದ್ದು ತಿಂದವಳು ಎಂದು ಬರೆದಂತೆಯೇ ಇತ್ತು. ಆದರೆ ತಿಂದದ್ದು ನಿಜವಂತೆ. ನನಗೇ ಗೊತ್ತಿರಲಿಲ್ಲ.

ಆಮೇಲೊಂದು ದಿನ ಬೇಳೆಯ ಕಟ್ಟು ಆರಲಿ ಎಂದು ಬಿಟ್ಟಿದ್ದೆ. ನೋಡಿದರೆ ಮೇಲೆ ಬಂಗಾರದ ಬಣ್ಣದ ಕಣ್ಣುಗಳು ತೇಲುತ್ತಿದ್ದವು. ಮಾರೆವ್ವನನ್ನು ಕೇಳಿದೆ. ಅವಳು ಯಜಮಾನರ ಕಡೆ ನೋಡಿದಳು. ಯಜಮಾನರು ಮೇಲ್ಛಾವಣಿ ನೋಡಿದರು. ದಿನಕ್ಕೆರಡು ಸಲ ಬೆಣ್ಣೆ ಹಾಕುತ್ತಿದ್ದರಂತೆ, ಸಿಸ್ಟರ್! ನಿಂಬೆಹಣ್ಣಿನಷ್ಟು!

ನಾನು ಒಲೆ ಊದುವ ಕೊಳವೆ ಕೈಗೆ ತೆಗೆದುಕೊಂಡೆ. ಆಗ ಅವರು ಅಂದದ್ದು ಇದು: "ಊರಿಗೆಲ್ಲಾ ಉಣಿಸಿದಾಕಿ ನೀ. ನೀನ ಉಪಾಸ ಇರೋದು ನೋಡಾಕ ನನ್ನ ಕೈಲೆ ಆಗವಲ್ದು. ಒಂದ ತಾಟಿನ್ಯಾಗ ಉಂಡೋರು ನಾವು."

ಕೊಳವೆ ಕೆಳಗಿಟ್ಟೆ. ಸಾಹೇಬರು ಚಿತ್ರ ಬರೆದುಕೊಟ್ಟಿದ್ದ ಕಾಗದ ತೆಗೆದು, ಕೋಣೆ, ಗೋಡೆ, ಬಾಗಿಲು ಎಲ್ಲ ತೋರಿಸಿ ಹೇಳಿದೆ. "ಅಷ್ಟ ಸಣ್ಣ ಬಾಗಲಾ?" ಎಂದು ತಮ್ಮ ಕಿರುಬೆರಳನ್ನೇ ನೋಡಿಕೊಂಡರು. ಈಗ ನನ್ನ ತಾಟಿಗೆ ಅವರೇ ಕಾವಲು. ತೂಕ 98.

ಹೊಳಿಯಮ್ಮ


ಕುಷ್ಟಗಿ
19-8-1985

ಸಿಸ್ಟರ್,

ಎರಡು ದಿನದಿಂದ ನೀರು ಕುಡಿದರೂ ವಾಂತಿ. ಎದೆಯ ಕೆಳಗೆ ಏನೋ ಸಿಕ್ಕಿಕೊಂಡಂತಿದೆ. ರೊಟ್ಟಿ ತಿಂದೆ. ಸಾಹೇಬರು ಏನು ಹೇಳುತ್ತಾರೆ, ಬೇಗ ಬರೆಯಿರಿ.

ಹೊಳಿಯಮ್ಮ


ತಂತಿ
ಮುಂಬಯಿ, 24-8-1985

ಬಾಯಿಗೆ ಏನೂ ಹಾಕಬೇಡಿ. ಕೂಡಲೇ ಹುಬ್ಬಳ್ಳಿ ದೊಡ್ಡ ದವಾಖಾನೆಗೆ ಹೋಗಿ. ಆಪರೇಷನ್ ಚಿತ್ರ ತೋರಿಸಿ. ಕಾಸೀಮಬೀ.


ಮುಂಬಯಿ
8-9-1985

ಅಕ್ಕಾ,

ತಂತಿ ಮುಟ್ಟಿತೋ ಇಲ್ಲವೋ ತಿಳಿಯದು. ಹದಿನೈದು ದಿನವಾಯಿತು, ಒಂದು ಅಕ್ಷರ ಇಲ್ಲ. ನಿಮ್ಮ ತಮ್ಮ ಪಂಪಣ್ಣನ ವಿಳಾಸ ಹುಡುಕಿಕೊಂಡು ಹೋದೆ, ಮನೆಗೆ ಬೀಗ ಇತ್ತು, ಊರಿಗೆ ಹೋಗಿದ್ದಾರೆ ಅಂದರು. ಯಾಕೆ ಹೋಗಿದ್ದಾರೆ ಎಂದು ಕೇಳಲು ಧೈರ್ಯ ಬರಲಿಲ್ಲ.

ಎಷ್ಟು ರೊಟ್ಟಿ ತಿಂದಿರಿ? ಜುಲೈಯಿಂದ ತಿನ್ನಬಹುದು ಎಂದು ಬರೆದ ಆ ಸಾಲೇ ಕಣ್ಣ ಮುಂದೆ ಬರುತ್ತಿದೆ. ಬೇರೆಯವರ ಕೈಯಲ್ಲಾದರೂ ಒಂದು ಸಾಲು ಬರೆಸಿ ಹಾಕಿ. ನಿಮ್ಮನ್ನು ಏನೂ ಅನ್ನುವುದಿಲ್ಲ.

ಕಾಸೀಮಬೀ


ಕುಷ್ಟಗಿ
29-9-1985

ಸಿಸ್ಟರ್ ಅವರಿಗೆ,

ಬದುಕಿದ್ದೇನೆ. ಆರಾಮಾಗಿದ್ದೇನೆ. ತೂಕ 90. ಇಷ್ಟು ದಿನ ಬರೆಯದಿದ್ದದ್ದು ನಾಚಿಕೆಗೆ. ನಿಮಗೆ ಎರಡು ಸಂಗತಿ ಮುಚ್ಚಿಟ್ಟಿದ್ದೆ.

ಗಿರಾಕಿ ಕಮ್ಮಿಯಾಗಿದ್ದು ಬಿಸಿಲಿಗಲ್ಲ. ನಾನು ಸೊರಗುತ್ತಿರುವುದನ್ನು ಕಂಡು, ಖಾನಾವಳಿ ಅಕ್ಕನಿಗೆ ಕ್ಷಯ ಹತ್ತಿದೆ, ಅವಳ ಕೈಯ ಊಟ ಬೇಡ ಎಂದು ಊರಲ್ಲಿ ಹಬ್ಬಿತ್ತು. ಎಂಬತ್ತು ಮಂದಿ ಐವತ್ತಾದರು, ಐವತ್ತು ಹೋಗಿ ಹದಿನೆಂಟಾದರು. ಆಫೀಸಿನವರು ಎದುರಿನ ಹೋಟೆಲಿಗೆ ಹೋಗತೊಡಗಿದರು. ನಾನೇ ಬಾಯಿ ಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಮೊಣಕಾಲು ನೋವು ಎಂದು ಹೇಳಿದವಳು ಈಗ ಹೇಗೆ ಮಾತು ತಿರುಗಿಸಲಿ ಎಂದು ಸುಮ್ಮನಿದ್ದೆ.

ಆಗಸ್ಟ್ ಹದಿನೇಳರಂದು ಒಬ್ಬರು ಊಟಕ್ಕೆ ಕೂತವರು, ನಾನು ಪಲ್ಯ ಬಡಿಸಲು ಬಾಗಿದ ಕೂಡಲೇ ತಾಟು ಸರಿಸಿ ಎದ್ದರು. "ನಿನ್ನ ಮುಸುಡಿ ನೋಡಿದರ ಉಣ್ಣಾಕ ಮನಸ ಬರವಲ್ದಬೇ. ಮೊದಲ ದವಾಖಾನಿಗೆ ಹೋಗು" ಅಂದರು. ಎಲ್ಲರ ಎದುರಿಗೆ. ನನಗೆ ಎಲ್ಲಿತ್ತೋ ಸಿಟ್ಟು. "ನನಗೇನಾಗೈತಿ? ನೋಡ್ರಿ!" ಎಂದು ಅಲ್ಲೇ ಕೂತು, ಎರಡು ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಗಬಗಬ ತಿಂದುಬಿಟ್ಟೆ. ಮೂವತ್ತು ಸಲ ಇರಲಿ, ಮೂರು ಸಲವೂ ಅಗಿಯಲಿಲ್ಲ. ತಿಂದು ಮುಗಿಸುವ ಹೊತ್ತಿಗೆ ಬೆವರು ಹರಿಯುತ್ತಿತ್ತು. ಹಿತ್ತಲಿಗೆ ಹೋದವಳು ಎದ್ದು ಬರಲಿಲ್ಲ.

ನಾಲ್ಕನೆಯ ದಿನ ಕಣ್ಣು ಮೇಲಾದವು. ಟಿಪ್ಪುಸಾಬ ಎಂದು ಒಬ್ಬ ಲಾರಿ ಡ್ರೈವರ್ ಇದ್ದಾನೆ, ಗಂಗಾವತಿಯ ಅಕ್ಕಿ ಸಾಗಿಸುವವನು, ಊರೆಲ್ಲ ಬಿಟ್ಟರೂ ಊಟ ಬಿಡದವನು. ಚೀಲ ಇಳಿಸಿ ಖಾಲಿ ಲಾರಿಯಲ್ಲಿ ಹಾಸಿಗೆ ಹಾಸಿ ನನ್ನನ್ನು ಹುಬ್ಬಳ್ಳಿಗೆ ಒಯ್ದ. ನಿಮ್ಮ ತಂತಿ ಬಂದಾಗ ನಾನು ಆಗಲೇ ಅಲ್ಲಿದ್ದೆ. ಚಿತ್ರದ ಕಾಗದ ಯಜಮಾನರ ಅಂಗಿಯ ಕಿಸೆಯಲ್ಲೇ ಇತ್ತು. ಅಲ್ಲಿಯ ಡಾಕ್ಟರು ಅದನ್ನು ನೋಡಿ, ಗಂಟಲಿನಿಂದ ನಳಿಕೆ ಇಳಿಸಿ, ಬಾಗಿಲಿಗೆ ಅಡ್ಡ ಬಿದ್ದದ್ದನ್ನು ತೆಗೆದರು. ರೊಟ್ಟಿಯ ಒಂದು ತುಣುಕು, ಅಷ್ಟೇ. ಒಂಬತ್ತು ದಿನ ಗ್ಲೂಕೋಸ್. ತಮ್ಮ ಪಂಪಣ್ಣನೂ ಓಡಿ ಬಂದಿದ್ದ.

ಹೊಲಿಗೆ ಬಿಟ್ಟಿಲ್ಲ, ಗೋಡೆ ಗಟ್ಟಿಯಾಗಿದೆ ಎಂದು ಅವರು ಹೇಳಿದ್ದಾರೆ. ನಿಮ್ಮ ಸಾಹೇಬರ ಕೈಗುಣವನ್ನು ಅವರೂ ಮೆಚ್ಚಿದರು. ತಿಳಿಸಿರಿ.

ಮನೆಗೆ ಬಂದ ಮೇಲೆ ಮತ್ತೊಂದು ವಾರ ಬಾಗಿಲು ತೆರೆಯಲಿಲ್ಲ. ಆಮೇಲೆ ಯಜಮಾನರಿಗೆ ಹೇಳಿದೆ, "ನಾಳೆ ಒಲೀ ಹಚ್ಚೋದು. ಮತ್ತ ನಾ ಎಲ್ಲಾ ಹೇಳಾಕಿ." ಅವರು ಚೀಲ ತೆಗೆದುಕೊಂಡು ತರಕಾರಿ ತರಲು ಹೋದರು.

ಹುಬ್ಬಳ್ಳಿಯಿಂದ ಬಂದ ಅಕ್ಕನನ್ನು ನೋಡಲು ಇಪ್ಪತ್ತೈದು ಮಂದಿ ಬಂದಿದ್ದರು. ಉಣ್ಣಲು ಅಲ್ಲ, ನೋಡಲು. ನಾನು ನಡುವೆ ನಿಂತೆ.

"ಊಟಕ್ಕ ಮೊದಲ ನನ್ನದೊಂದ ಮಾತ ಕೇಳ್ರಿ. ನನಗ ಟಿ.ಬಿ. ಇಲ್ಲ. ನೂರಾ ಮೂವತ್ತೊಂದ ಕಿಲೋ ಇದ್ದೆ, ಉಸಿರ ಸಿಗತಿದ್ದಿಲ್ಲ. ಸಾಯತಿದ್ದೆ. ಮುಂಬೈಯಾಗ ಡಾಕ್ಟರು ನನ್ನ ಹೊಟ್ಟಿ ಕೊಯ್ದು ಸಣ್ಣದ ಮಾಡ್ಯಾರ. ಮೊಣಕಾಲು ಅಂತ ನಾ ಸುಳ್ಳ ಹೇಳಿದ್ದೆ."

ಮೂಲೆಯಲ್ಲಿದ್ದ ಒಬ್ಬ ಮುದುಕ ಕೇಳಿದ, "ಮತ್ತ ಉಳಿದ ಹೊಟ್ಟಿ ಎಲ್ಲಿ ಒಗೆದರಬೇ?"

"ಒಗೆದಿಲ್ಲೋ ಯಪ್ಪಾ. ಅಲ್ಲೇ ಐತಿ. ಮ್ಯಾಲೊಂದ ಸಣ್ಣ ಖೋಲಿ ಮಾಡಿ ನಡುವ ಗ್ವಾಡಿ ಕಟ್ಯಾರ. ಬೆರಳಷ್ಟು ಬಾಗಲಾ ಇಟ್ಟಾರ."

"ಅಂದರ," ಅಂದ ಟಿಪ್ಪುಸಾಬ, "ಆ ಬಾಗಲದಾಗ ನೀವು ಎರಡ ರೊಟ್ಟಿ ಒಮ್ಮೆಲೆ ನುಗ್ಗಿಸಿದ್ರಿ. ರಸ್ತಾ ಜಾಮ್ ಆತು. ನನ್ನ ಲಾರಿ ಕರಸಬೇಕಾತು."

ಮೊದಲು ನಕ್ಕವಳು ಮಾರೆವ್ವ. ಆಮೇಲೆ ನಾನು. ಆಮೇಲೆ ತಡೆಯುವವರು ಯಾರೂ ಇರಲಿಲ್ಲ.

ನಾನು ತಾಟು ತರಿಸಿದೆ. ಕಾಲು ರೊಟ್ಟಿ, ಬೇಳೆಯಲ್ಲಿ ನೆನೆದದ್ದು. ಒಂದು ತುತ್ತು ಬಾಯಿಗಿಟ್ಟುಕೊಂಡೆ. "ಮೂವತ್ತ ಸರ್ತಿ ಅಗೀಬೇಕಂತ ಡಾಕ್ಟರು ಹೇಳ್ಯಾರ" ಎಂದು ಯಜಮಾನರು ಹಿಂದಿನಿಂದ ಹೇಳಿದರು. ಎಂದೂ ನಾಲ್ಕು ಜನರೆದುರು ಬಾಯಿ ತೆರೆಯದ ಮನುಷ್ಯ. ಟಿಪ್ಪುಸಾಬ ಎಣಿಸಲು ಹತ್ತಿದ. ಒಂದು, ಎರಡು, ಮೂರು. ಹತ್ತಕ್ಕೆ ಬರುವಷ್ಟರಲ್ಲಿ ಅರ್ಧ ಮಂದಿ ಎಣಿಸುತ್ತಿದ್ದರು. ಇಪ್ಪತ್ತಕ್ಕೆ ಇಡೀ ಖಾನಾವಳಿ ಎಣಿಸುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಜನ ಓಡಿ ಬಂದು ಇಣುಕಿದರು. ಮೂವತ್ತಕ್ಕೆ ನುಂಗಿದೆ. ನುಂಗಿದ್ದು ಇಳಿಯಿತು. ಎಂಥ ಗದ್ದಲವೆದ್ದಿತು ಸಿಸ್ಟರ್, ಆಟ ಗೆದ್ದವರ ಹಾಗೆ ಕೂಗಿದರು.

ಅಂದು ಇಪ್ಪತ್ತೈದು ಮಂದಿಯೂ ಉಂಡು ಹೋದರು. ನಿನ್ನೆ ಎಣಿಸಿದೆ, ಎಪ್ಪತ್ತೊಂದು.

ಹೊಳಿಯಮ್ಮ


ಮುಂಬಯಿ
12-10-1985

ಅಕ್ಕಾ,

ನಿಮ್ಮ ಪತ್ರವನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ಓದಿ ಹೇಳಲು ಇಲ್ಲಿ ಯಾರೂ ಇಲ್ಲ.

ಡಾಕ್ಟರ್ ಸಾಹೇಬರು ಏಪ್ರಿಲ್ ಕೊನೆಯಲ್ಲೇ ಪರದೇಶಕ್ಕೆ ಹೋದರು. ನಿಮ್ಮ ಆಪರೇಷನ್ ಮಾಡುವವರು ಮತ್ತೊಬ್ಬರಿಲ್ಲ ಎಂದು ಇಲ್ಲಿಯ ದವಾಖಾನೆಯವರು ಆ ರಜಿಸ್ಟರ್ ಕಟ್ಟಿ ಕಪಾಟಿನಲ್ಲಿಟ್ಟರು. "ಆ ಪೇಷಂಟುಗಳಿಗೆ ಒಂದು ಕಾರ್ಡು ಹಾಕಿ ತಿಳಿಸಿಬಿಡು" ಎಂದರು. ಉಳಿದ ಐವರಿಗೆ ಹಾಕಿದೆ, ಅವರೆಲ್ಲ ಇದೇ ಊರಿನವರು, ಬೇರೆ ದವಾಖಾನೆಗೆ ಹೋದಾರು. ನಿಮಗೆ ಹಾಕಲು ಕಾರ್ಡು ತೆಗೆದುಕೊಂಡೆ. ನೆಲಕ್ಕೆ ಕೂತು ಅರವತ್ತು ರೊಟ್ಟಿ ಬಡಿದ ನಿಮ್ಮ ಪತ್ರ ಅದೇ ದಿನ ಬಂದಿತ್ತು. ಸಾಹೇಬರಿಲ್ಲ ಎಂದು ತಿಳಿದರೆ ಈ ಹೆಣ್ಣುಮಗಳು ಹೆದರಿ ಎಲ್ಲ ಬಿಟ್ಟುಬಿಟ್ಟಾಳು ಅನ್ನಿಸಿತು.

ಅಲ್ಲಿಂದ ಈಚೆಗೆ ಸಾಹೇಬರು ಹೇಳಿದರು ಎಂದು ಬರೆದದ್ದೆಲ್ಲ ನಾನೇ ಬರೆದದ್ದು. ಅವರು ಬಿಟ್ಟುಹೋದ ಪುಸ್ತಕ ಓದುತ್ತಿದ್ದೆ, ತಿಳಿಯದ್ದನ್ನು ಬೇರೆ ಸರ್ಜನ್‌ರನ್ನು ನಿಲ್ಲಿಸಿ ಕೇಳುತ್ತಿದ್ದೆ. ಆದರೆ ಜುಲೈಯಿಂದ ರೊಟ್ಟಿ ಎಂದದ್ದು ನಾನು. ಪುಸ್ತಕದಲ್ಲಿ ಜೋಳದ ರೊಟ್ಟಿಯ ಮಾತು ಎಲ್ಲಿರುತ್ತದೆ? ಅಂದಾಜಿಗೆ ಬರೆದೆ. ನಿಮ್ಮ ಆ ಮೂರು ಸಾಲು ಬಂದ ದಿನದಿಂದ ನಾನು ಸರಿಯಾಗಿ ಉಂಡಿಲ್ಲ. ನಿಮಗೆ ಆದದ್ದು ನನ್ನಿಂದ ಎಂದೇ ತಿಳಿದಿದ್ದೆ. ಇನ್ನೂ ಅರ್ಧ ಹಾಗೇ ತಿಳಿದಿದ್ದೇನೆ.

ನೀವು ಎಲ್ಲರೆದುರು ನಿಂತು ಸುಳ್ಳು ಹೇಳಿದ್ದೆ ಅಂದಿರಿ. ನನಗೆ ಒಬ್ಬರೆದುರು ಹೇಳುವುದೇ ಇಷ್ಟು ಕಷ್ಟವಾಯಿತು.

ಕಾಸೀಮಬೀ


ಕುಷ್ಟಗಿ
3-11-1985

ತಂಗಿ ಕಾಸೀಮಬೀ,

ಇನ್ನು ನಿನಗೆ ಸಿಸ್ಟರ್ ಅನ್ನುವುದಿಲ್ಲ. ನೀವು ಅನ್ನುವುದೂ ಇಲ್ಲ.

ನಿನ್ನ ಪತ್ರ ಓದಿದ ಮೇಲೆ ಹಳೆಯವನ್ನೆಲ್ಲ ತೆಗೆದು ಹಾಸಿಕೊಂಡು ಕೂತೆ. ಮೇ ತಿಂಗಳಿನದನ್ನು ಮೂರು ಸಲ ಓದಿದೆ. ಅದರಲ್ಲಿ ಏನಿದೆ? ಕಾಲು ರೊಟ್ಟಿ ಮಾತ್ರ, ಬೇಳೆಯಲ್ಲಿ ನೆನೆಸಿ, ಮೆತ್ತಗಾದ ಮೇಲೆ. ನಾನು ತಿಂದದ್ದು ಎರಡು, ನೆನೆಸದೆ, ಸಿಟ್ಟಿನಿಂದ. ನಿನ್ನ ಕಾಲು ರೊಟ್ಟಿ, ಹಾಸಿಗೆ ಹಿಡಿದ ದಿನ ಬಿಟ್ಟರೆ, ಜುಲೈಯಿಂದ ಇಂದಿನವರೆಗೆ ದಿನಾ ದಕ್ಕುತ್ತಿದೆ. ಅರ್ಧ ತಪ್ಪು ನಿನ್ನದೆಂದು ಇಟ್ಟುಕೊಂಡಿದ್ದೀಯಲ್ಲ, ಅದನ್ನೂ ಇತ್ತ ಕಳಿಸಿಬಿಡು.

ಸಾಹೇಬರು ನನ್ನ ಹೊಟ್ಟೆ ಸಣ್ಣದು ಮಾಡಿದರು, ಅವರ ಹೊಟ್ಟೆ ತಣ್ಣಗಿರಲಿ. ಆದರೆ ಅದು ಮೂರು ತಾಸಿನ ಕೆಲಸ. ಎಂಟು ತಿಂಗಳಿನಿಂದ ನನ್ನನ್ನು ನಡೆಸಿದವಳು ನೀನು. ಯಾರೂ ಕೇಳದ ರಜಿಸ್ಟರಿಗೆ ಲೆಕ್ಕ ಬರೆಸಿಕೊಂಡೆ. ಸುಳ್ಳು ಹೇಳಿದ್ದಕ್ಕೆ ನಿನಗೆ ಒಂದೇ ಶಿಕ್ಷೆ. ಇನ್ನು ಮುಂದೆ ನೀನು ಏನು ಉಂಡೆ ಎಂದು ಪ್ರತಿ ಪತ್ರದಲ್ಲಿ ಬರೆಯಬೇಕು. ನನಗೆ ನಿಜ ಬೇಕು.

ತೂಕ 84. ಹಣೆಯ ಮೇಲೆ ಸಣ್ಣ ಸಣ್ಣ ಹೊಸ ಕೂದಲು ಹುಲ್ಲಿನ ಹಾಗೆ ಎದ್ದಿವೆ. ಇಲ್ಲಿಯ ಡಾಕ್ಟರು ಸಕ್ಕರೆ ಕಾಯಿಲೆಯವರನ್ನು ನನ್ನಲ್ಲಿಗೆ ಊಟಕ್ಕೆ ಕಳಿಸುತ್ತಿದ್ದಾರೆ. ನಾನು ಉಣ್ಣುವಷ್ಟೇ ಅವರಿಗೂ ಬಡಿಸುತ್ತೇನೆ. "ಅಕ್ಕನ ತಾಟು" ಎಂದು ಕೇಳಿ ಪಡೆಯುತ್ತಾರೆ.

ನಿನ್ನ ಅಕ್ಕ
ಹೊಳಿಯಮ್ಮ


ಮುಂಬಯಿ
28-1-1986

ಅಕ್ಕಾ,

ಬೆಳಿಗ್ಗೆ ಎರಡು ಪಾವ್, ಚಹಾ. ಮಧ್ಯಾಹ್ನ ಅನ್ನ, ಸಾರು, ಮೀನು. ರಾತ್ರಿ ಎರಡು ಚಪಾತಿ. ನಿಜ ಬರೆದಿದ್ದೇನೆ.

ಹೊಸ ಸರ್ಜನ್ ಬಂದಿದ್ದಾರೆ. ಕಪಾಟಿನಲ್ಲಿದ್ದ ರಜಿಸ್ಟರ್ ತೆಗೆಸಿ, ಅದರಲ್ಲಿ ನಾನು ಕದ್ದು ಬರೆದಿಟ್ಟಿದ್ದ ನಿಮ್ಮ ತೂಕಗಳನ್ನೆಲ್ಲ ಓದಿದರು. ಬಯ್ಯುತ್ತಾರೆ ಎಂದು ನಿಂತಿದ್ದೆ. "ಒಂದು ವರ್ಷ ಪೂರ್ತಿ ಲೆಕ್ಕ ಇರುವುದು ಇವರೊಬ್ಬರದೇ. ಇಟ್ಟವರು ಯಾರು?" ಎಂದರು. ಆಪರೇಷನ್ ಮತ್ತೆ ಶುರುವಾಗಿದೆ. ಪೇಷಂಟುಗಳ ವರದಿಯ ಕೆಲಸ ನನಗೇ ಕೊಟ್ಟಿದ್ದಾರೆ.

ಮೊದಲನೆಯವಳಾಗಿ ಶಹಾಪುರ ಕಡೆಯ ಗೌಸಬೀ ಎಂಬ ಹುಡುಗಿ ಬಂದಿದ್ದಾಳೆ. ಇಪ್ಪತ್ನಾಲ್ಕು ವರ್ಷ, ನೂರಾ ನಲವತ್ತು ಕಿಲೋ. ಉಸಿರು ನಿಮ್ಮದೇ ತರಹ. ಎರಡು ಸಲ ತಾರೀಖು ಕೊಟ್ಟರು, ಎರಡು ಸಲವೂ ಅತ್ತು ಗೋಡೆಗೆ ಮುಖ ಮಾಡಿದಳು. "ಕೊಯ್ಸಿಕೊಂಡು ಬದುಕಿದೋರನ್ನ ಒಬ್ಬರನ್ನರೆ ತೋರಸ್ರಿ" ಅನ್ನುತ್ತಾಳೆ. ನಿಮ್ಮ ಪತ್ರಗಳನ್ನು ಓದಿ ಹೇಳಿದೆ. "ಬರದದ್ದು ಯಾರ ಬೇಕಾದರೂ ಬರೀತಾರ" ಅಂದಳು. ಅವಳಿಗೆ ನಾಲ್ಕು ಸಾಲು ನಿಮ್ಮ ಕೈಯಾರೆ ಬರೆಯಿರಿ.

ಕಾಸೀಮಬೀ


ತಂತಿ
ಕುಷ್ಟಗಿ, 4-2-1986

ಬರೆಯುವುದಿಲ್ಲ. ಹೊರಟಿದ್ದೇನೆ. ಹೊಳಿಯಮ್ಮ.


ಕುಷ್ಟಗಿ
2-3-1986

ತಂಗಿ ಕಾಸೀಮಬೀ,

ನಿನ್ನ ಕಾರ್ಡು ಬಂತು. ಗೌಸಬೀ ಆಪರೇಷನ್ ಆದ ಹನ್ನೆರಡನೆಯ ದಿನಕ್ಕೆ ವರಾಂಡದ ತುದಿಯವರೆಗೆ ನಡೆದಳು ಎಂದು ಓದಿದಾಗ ಮಾರೆವ್ವನಿಗೂ ಯಜಮಾನರಿಗೂ ಜೋರಾಗಿ ಓದಿ ಹೇಳಿದೆ. ಅವಳಿಗೆ ಹೇಳು, ದಿಂಬು ಅವುಚಿಕೊಂಡು ಕೆಮ್ಮಲಿ, ಅವಸರ ಬೇಡ.

ಮುಂಬಯಿಗೆ ಬಂದಾಗ ನಿನ್ನ ಮುಂದೆ ಹೇಳಲಾಗದ ಒಂದು ಮಾತು ಬರೆಯುತ್ತೇನೆ. ವಾರ್ಡಿನ ಬಾಗಿಲಲ್ಲಿ ನೀನು ಗುರುತು ಹಿಡಿಯದೆ ನನ್ನನ್ನು ದಾಟಿ ಹೋಗಿ, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ನೋಡಿದೆ. ನಾನು ಸುಮ್ಮನೆ ನಿಂತು ನೋಡಿದೆ ನಿನ್ನನ್ನು. ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿದ್ದೆ. ಆಮೇಲೆ ಬಾಯಿ ಮುಚ್ಚಿಕೊಂಡು ಅತ್ತೆಯಲ್ಲ, ಅದೂ ಚೆನ್ನಾಗಿತ್ತು.

ಗೌಸಬೀ ಮೊದಲು ನಂಬಲಿಲ್ಲ. ನಿನ್ನನ್ನು ಹೊರಗೆ ಕಳಿಸಿದ ಮೇಲೆ ಪರದೆ ಎಳೆದು ಗೆರೆ ತೋರಿಸಿದೆ. ಬೆರಳಿಟ್ಟು ಮೇಲಿನಿಂದ ಕೆಳಗೆ ಮುಟ್ಟಿ ನೋಡಿದಳು. "ಭಾಳ ನೋವಾತೇನ್ರಿ?" ಅಂದಳು. "ಆತು" ಅಂದೆ. "ಈಗ?" ಅಂದಳು. "ಈಗ ದಿನಾ ಇನ್ನೂರ ರೊಟ್ಟಿ ಬಡೀತೀನಿ" ಅಂದೆ. ಎದ್ದು ಕೂತು, "ನನಗೂ ಓಡಾಡಬೇಕ್ರಿ ಅಕ್ಕಾ" ಅಂದಳು. ಕಾಗದಕ್ಕೆ ಸಹಿ ಮಾಡಿದ್ದು ಅವಳು, ನಾನು ಪೆನ್ನಿನ ಟೋಪಿ ತೆಗೆದುಕೊಟ್ಟೆ ಅಷ್ಟೇ.

ತೂಕ 76. ಅಡತಿಯವರು ಈ ಸಲ ಹಮಾಲರ ಎದುರಿಗೇ ತೂಗಿದರು.

ಬರುವಾಗಿನ ಒಂದು ಸಂಗತಿ ಬರೆದು ಮುಗಿಸುತ್ತೇನೆ. ವಿಜಾಪುರದಿಂದ ಕುಷ್ಟಗಿಯ ಬಸ್ಸು ಹತ್ತಿದೆ. ಮೂರು ಜನರ ಸೀಟಿನ ಕಿಟಕಿಯ ಪಕ್ಕ ನಾನು, ಆ ಬದಿಗೆ ಒಬ್ಬ ಮುದುಕಿ. ಮುಂದೆ ಹುನಗುಂದದಲ್ಲಿ ಜನ ತುಂಬಿಕೊಂಡಿತು. ಇಳಕಲ್ಲಿಗೆ ಹೋಗುವ ಒಬ್ಬಳು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಬಂದವಳೇ ನನಗೆ ಅಂದಳು, "ಸ್ವಲ್ಪ ಸರೀಬೇ ಯಕ್ಕಾ, ಇಲ್ಲಿ ಭಾಳ ಜಾಗಾ ಐತಿ."

ಹದಿನೈದು ವರ್ಷದಲ್ಲಿ ಯಾವ ಬಸ್ಸಿನಲ್ಲೂ ಯಾರೂ ನನ್ನ ಪಕ್ಕಕ್ಕೆ ಬಂದು ಕೂತವರಿಲ್ಲ, ಕಾಸೀಮಬೀ. ನಿಂತರೂ ಪರವಾಗಿಲ್ಲ ಎಂದು ಆಚೆ ಹೋಗುತ್ತಿದ್ದರು.

ನಾನು ಸರಿದೆ. ಅವಳು ನಮ್ಮಿಬ್ಬರ ನಡುವೆ ತೂರಿಕೊಂಡು ಕೂತಳು. ಗಂಟು ನನ್ನ ಕಾಲ ಮೇಲೆ ಬಂತು, ಕೂಸಿನ ಕಾಲು ನನ್ನ ಪಕ್ಕೆಗೆ ಒದೆಯಿತು, ಮೊಣಕೈ ಆಡಿಸಲು ಜಾಗ ಉಳಿಯಲಿಲ್ಲ. ಇಳಕಲ್ಲಿನವರೆಗೂ ಹಾಗೇ ಒತ್ತಿಕೊಂಡು ಬಂದೆ. ಇಳಿಯುವಾಗ ಅವಳು, "ತ್ರಾಸ ಆತೇನಬೇ?" ಎಂದು ಕೇಳಿದಳು.

"ಇಲ್ಲವ್ವಾ," ಅಂದೆ, "ಇನ್ನೊಬ್ಬರು ಬಂದರೂ ಕುಂದ್ರತಿದ್ದರು."

ನಿನ್ನ ಅಕ್ಕ
ಹೊಳಿಯಮ್ಮ